ಸೂಜಿಯ ಗುರಿ, ನೋವಿನ ಶಮನ

ನಮ್ಮ ಕಿವಿಗೆ ಕೇಳದ ಶ್ರವಣಾತೀತ ಧ್ವನಿಯು ಇಂದು ವೈದ್ಯರಿಗೆ ಕಣ್ಣಾಗಿದೆ. ಸೆಕೆಂಡಿಗೆ 20,000ಕ್ಕೂ ಮಿಗಿಲಾಗಿ ಕಂಪಿಸುವ ಈ ಅಲೆಗಳು ನೋಯುವ ಭುಜದೊಳಗೆ ತಾಗಿ ಮರಳಿದಾಗ, ಸ್ನಾಯುರಜ್ಜು, ಚುಚ್ಚುವ ಸೂಜಿ ಎಲ್ಲವೂ ತೆರೆಯ ಮೇಲೆ ಮೂಡುತ್ತವೆ. ಉರಿಯೂತವನ್ನು ತಗ್ಗಿಸುವ ಸ್ಟೀರಾಯ್ಡ್ ಮದ್ದನ್ನು ನೋಡಿಯೇ ಗುರಿ ಸೇರಿಸಬಹುದು. ಅಂದಮೇಲೆ ನೋವೂ ಹೆಚ್ಚು ಶಮನವಾಗಬೇಕಲ್ಲವೆ?

ತರ್ಕವು ಹೌದೆನ್ನುತ್ತದೆ, ಪ್ರಯೋಗವು ಹಾಗೆನ್ನಲಿಲ್ಲ. ಹಲವು ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದ ಕಾಕ್ರೇನ್ ಸಂಸ್ಥೆಯು, ಬಿಂಬವನ್ನು ನೋಡಿ ಚುಚ್ಚಿದರೂ, ಬೆರಳಿನಿಂದ ತಡವಿ ಗುರುತಿಸಿ ಚುಚ್ಚಿದರೂ ಫಲದಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲವೆಂದು 2021ರಲ್ಲಿ ತಿಳಿಸಿತು.

ಯಂತ್ರವನ್ನು ನಾವು ಹಳಿಯುತ್ತಿಲ್ಲ. ಆದರೆ ಸೂಜಿ ಗುರಿ ಮುಟ್ಟಿತೇ ಎಂಬುದು ಒಂದು ಪ್ರಶ್ನೆ. ರೋಗಿಯ ತೋಳು ನೋವಿಲ್ಲದೆ ಮೇಲೆದ್ದಿತೇ ಎಂಬುದು ಬೇರೊಂದು. ಮೊದಲನೆಯದರ ಉತ್ತರವನ್ನು ತೋರಿಸಿ ಎರಡನೆಯದಕ್ಕೆ ರೋಗಿಯಿಂದ ಹೆಚ್ಚಿನ ಹಣ ಪಡೆಯುವುದು ಉಚಿತವಲ್ಲವೆಂದೇ ನಮ್ಮ ಅಭಿಪ್ರಾಯ.