ಮೈಯಿಳಿಸುವ ಉದ್ಯಮದಲ್ಲಿ ಮೊದಲ ತಿಂಗಳು

ಮೈಸೂರಿನ ರಾಜೀವನಗರದಿಂದ ಸೋದರಿಯೊಬ್ಬರು ಈ ವಿಭಾಗಕ್ಕೆ ದೀರ್ಘವಾದ ಕಾಗದವನ್ನು ಬರೆದಿದ್ದಾರೆ. ಅವರ ವಯಸ್ಸು 42. ಎತ್ತರ ಐದು ಅಡಿ ಒಂದು ಅಂಗುಲ. ತೂಕ 81 ಕಿಲೋ. ಅವರ ತಾಯಿಯವರು ಮಧುಮೇಹದಿಂದ ನರಳಿ, ಕಡೆಯ ಆರು ವರ್ಷಗಳನ್ನು ದೃಷ್ಟಿಯಿಲ್ಲದೆ ಕಳೆದರಂತೆ. ಈಚೆಗೆ ವೈದ್ಯರು ಈ ಸೋದರಿಯ ರಕ್ತವನ್ನು ಪರೀಕ್ಷಿಸಿ, ಸಕ್ಕರೆಯು ಗಡಿಯ ಮೇಲೆ ಬಂದು ನಿಂತಿದೆ, ದೇಹದ ಭಾರವನ್ನು ಇಳಿಸಿಕೊಳ್ಳದಿದ್ದರೆ ತಾಯಿಯ ವ್ಯಾಧಿಯೇ ಮಗಳಿಗೂ ಬರುವ ಸಂಭವ ಹೆಚ್ಚು, ಎಂದು ಎಚ್ಚರಿಸಿದ್ದಾರೆ. ಅಂದಿನಿಂದ ಇವರು ಮೂರು ಬಾರಿ ಪ್ರಯತ್ನವನ್ನು ಆರಂಭಿಸಿ, ಮೂರು ಬಾರಿಯೂ ಮೂರನೆಯ ವಾರದಲ್ಲಿ ಕೈಬಿಟ್ಟರು. ಮೊದಲ ಸಾರಿ ಅನ್ನವನ್ನೇ ತ್ಯಜಿಸಿದರು. ಎರಡನೆಯ ಸಾರಿ ಹಣ್ಣಿನ ರಸವನ್ನು ಕುಡಿದುಕೊಂಡಿದ್ದರು. ಮೂರನೆಯ ಸಾರಿ ಭಾನುವಾರ ಬೆಳಿಗ್ಗೆ ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲುಗಳನ್ನು ಹತ್ತುವುದೆಂದು ನಿಶ್ಚಯಿಸಿ, ಎರಡು ವಾರ ಹತ್ತಿ, ಮಂಡಿಯೂದಿಕೊಂಡು ಮಲಗಿದರು. ಕಾಗದದ ಕೊನೆಯಲ್ಲಿ ಅವರು ಕೇಳಿರುವ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ: "ರಂಜಾನ್ ತಿಂಗಳಲ್ಲಿ ಹಗಲೆಲ್ಲ ಒಂದು ಗುಟುಕು ನೀರೂ ಇಲ್ಲದೆ ಇರಬಲ್ಲ ನಾನು, ಮೂರು ವಾರ ಟೀಯ ಸಕ್ಕರೆಯನ್ನು ಬಿಡಲಾರೆನೇಕೆ? ನನಗೆ ಮನಸ್ಸಿನ ಬಲವಿದೆಯೋ ಇಲ್ಲವೋ?"

ಮನಸ್ಸಿನ ಬಲ ಅವರಲ್ಲಿ ಬೇಕಾದಷ್ಟಿದೆ. ಕೊರತೆಯಾಗಿರುವುದು ಬೇರೊಂದು. ಅದನ್ನು ಹೇಳುವುದಕ್ಕೆ ಮುಂಚೆ ಮೂರನೆಯ ವಾರದಲ್ಲಿ ಉತ್ಸಾಹವು ಕುಂದುವುದೇಕೆ ಎಂಬುದನ್ನು ಸ್ವಲ್ಪ ವಿಚಾರಮಾಡಬೇಕು. ಏಕೆಂದರೆ ಇದು ಒಬ್ಬ ಗೃಹಿಣಿಯ ಅನುಭವವಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 30 ಮಂದಿ, ಪುರುಷರಲ್ಲಿಯೂ ಹೆಚ್ಚುಕಡಮೆ ಅಷ್ಟೇ ಮಂದಿ, ಎತ್ತರಕ್ಕೆ ತಕ್ಕುದಕ್ಕಿಂತ ಹೆಚ್ಚು ಭಾರವುಳ್ಳವರು. ಇವರಲ್ಲಿ ಒಂದಲ್ಲ ಒಂದು ಸಾರಿ ಹೊಸ ಸಂಕಲ್ಪ ಮಾಡದೆ ಇದ್ದವರು ವಿರಳ.

ಅನ್ನವನ್ನು ಒಮ್ಮೆಲೇ ಬಿಟ್ಟವರ ತೂಕವು ಮೊದಲ ವಾರದಲ್ಲಿ ಎರಡು ಕಿಲೋವರೆಗೆ ಇಳಿಯುವುದುಂಟು. ಮನೆಯವರೆಲ್ಲರೂ ಭಲೆ ಎನ್ನುತ್ತಾರೆ. ಆದರೆ ಇಳಿದದ್ದು ಬಹುಮಟ್ಟಿಗೆ ಕೊಬ್ಬಲ್ಲ, ನೀರು. ನಾವು ಉಂಡ ಅನ್ನ ಮುದ್ದೆಗಳ ಪಿಷ್ಟದಲ್ಲಿ ಒಂದು ಭಾಗವು ಗ್ಲೈಕೋಜನ್ ಎಂಬ ರೂಪವನ್ನು ತಾಳಿ ಯಕೃತ್ತಿನಲ್ಲಿಯೂ ಮಾಂಸಖಂಡಗಳಲ್ಲಿಯೂ ಕೂಡಿಕೊಂಡಿರುತ್ತದೆ. ಅದರ ಒಂದೊಂದು ಗ್ರಾಮೂ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಆಹಾರವು ತಗ್ಗಿದಾಗ ಮೊದಲು ವೆಚ್ಚವಾಗುವುದು ಈ ಕೂಡಿಟ್ಟ ಪಿಷ್ಟ. ಅದರ ಸಂಗಡ ನೀರೂ ಹೊರಟುಹೋಗುತ್ತದೆ. ಒಂದು ಮದುವೆಯ ಊಟವಾದರೆ ಸಾಕು, ಅಷ್ಟೂ ಮರಳಿ ಬರುತ್ತದೆ. ಕೊಬ್ಬಿನ ಲೆಕ್ಕವೇ ಬೇರೆ. ಒಂದು ಕಿಲೋ ಕೊಬ್ಬು ಕರಗಬೇಕಾದರೆ ಸುಮಾರು 7,700 ಕ್ಯಾಲರಿಗಳ ಕೊರತೆಯಾಗಬೇಕು. ದಿನಕ್ಕೆ 300 ಕ್ಯಾಲರಿಗಳನ್ನು ಕಡಮೆಮಾಡಿದವರಿಗೆ ಈ ಲೆಕ್ಕದಂತೆ ಒಂದು ಕಿಲೋ ಇಳಿಯುವುದಕ್ಕೆ 26 ದಿವಸ ಬೇಕು. ಅತ್ತಲಾಗಿ, ಉಪ್ಪು ಹೆಚ್ಚಾದ ಊಟ, ಮಲಬದ್ಧತೆ, ಸ್ತ್ರೀಯರಿಗೆ ತಿಂಗಳ ದಿನಗಳು, ಇವುಗಳಿಂದಲೇ ತೂಕವು ಇಂದಿಗೂ ನಾಳೆಗೂ ಒಂದು ಕಿಲೋದಷ್ಟು ಏರಿಳಿಯುತ್ತದೆ. ಎಂದ ಮೇಲೆ, ತಿಂಗಳು ಪೂರಾ ಪ್ರಾಮಾಣಿಕವಾಗಿ ನಡೆದುಕೊಂಡವರ ಲಾಭವೆಲ್ಲವೂ ಆ ಏರಿಳಿತದೊಳಗೇ ಮರೆಯಾಗಿಬಿಡಬಹುದು. ಮೂರನೆಯ ವಾರದಲ್ಲಿ ತೂಕದ ಯಂತ್ರದ ಮೇಲೆ ನಿಂತು "ಏನೂ ಆಗಲಿಲ್ಲ" ಎಂದು ಕಣ್ಣೀರಿಡುವ ಹೆಂಗಸಿನ ಮೈಯಿಂದ ವಾಸ್ತವವಾಗಿ ಮುಕ್ಕಾಲು ಕಿಲೋ ಕೊಬ್ಬು ಹೋಗಿರಬಹುದು. ಯಂತ್ರಕ್ಕೆ ಅದು ತಿಳಿಯದು. ಆದುದರಿಂದ ಮೊದಲ ತಿಂಗಳಲ್ಲಿ ಉತ್ಸಾಹವನ್ನು ತೂಕದ ಮುಳ್ಳಿಗೆ ಕಟ್ಟಿಹಾಕುವುದು ಕೂಡದು.

ಹಾಗಾದರೆ ಯಾವುದಕ್ಕೆ ಕಟ್ಟಬೇಕು? ಸೋದರಿಯು ತಮ್ಮ ಪ್ರಶ್ನೆಯಲ್ಲಿಯೇ ಉತ್ತರವನ್ನು ಇರಿಸಿದ್ದಾರೆ. ರಾಜೀವನಗರವನ್ನು ಬಲ್ಲವರು, ಅಲ್‌ಬದರ್ ವೃತ್ತದ ಸುತ್ತಿನ ಬೀದಿಗಳು ರಂಜಾನ್ ಮಾಸದಲ್ಲಿ ತಮ್ಮ ದಿನಚರಿಯನ್ನೇ ಹೇಗೆ ಬದಲಿಸಿಕೊಳ್ಳುತ್ತವೆ ಎಂಬುದನ್ನು ಬಲ್ಲರು. ಚಂದ್ರದರ್ಶನವಾದ ಮೇಲೆ ಆರಂಭದ ದಿವಸವು ಯಾರ ಇಷ್ಟಕ್ಕೂ ಬಿಟ್ಟದ್ದಲ್ಲ. ಸಹರಿಗೆ ಮನೆಮಂದಿಯೆಲ್ಲ ಏಳುತ್ತಾರೆ. ಬಾಂಗು ಕೇಳಿದರೆ ಊಟ ಮುಗಿಯಿತು. ಸಂಜೆ ಬಾಂಗು ಕೇಳಿದರೆ ಉಪವಾಸ ಮುಗಿಯಿತು. ಹಗಲಿನಲ್ಲಿ ಒಲೆಯ ಮೇಲೆ ಪಾತ್ರೆಯೇರುವುದು ಎಳೆಯ ಮಕ್ಕಳಿಗೂ ರೋಗಿಗಳಿಗೂ ಮಾತ್ರ. ನೆರೆಮನೆಗೆ ಹೋದರೆ ಟೀ ಕುಡಿಯಿರೆಂದು ಯಾರೂ ಬಲವಂತಮಾಡುವುದಿಲ್ಲ. ಕಾಯಿಲೆಯಿಂದಲೋ ಪ್ರಯಾಣದಿಂದಲೋ ತಪ್ಪಿದ ದಿವಸವನ್ನು ಆಮೇಲೆ ತುಂಬಿಕೊಡುವ ಏರ್ಪಾಡೂ ಉಂಟು. ಒಂದು ದಿವಸ ತಪ್ಪಿತೆಂದು ಉಳಿದ ದಿವಸಗಳನ್ನೆಲ್ಲ ಬಿಟ್ಟುಬಿಡುವವರಿಲ್ಲ. ಹೀಗಾಗಿ "ಈಗ ತಿನ್ನಲೋ ಬಿಡಲೋ" ಎಂಬ ಪ್ರಶ್ನೆಯು ಹಗಲಿನಲ್ಲಿ ಒಮ್ಮೆಯೂ ಏಳುವುದಿಲ್ಲ. ಟೀಯ ಸಕ್ಕರೆಯನ್ನು ಬಿಡುತ್ತೇನೆಂದ ಗೃಹಿಣಿಗೋ, ಆ ಪ್ರಶ್ನೆಯು ದಿವಸಕ್ಕೆ ನಾಲ್ಕು ಸಾರಿ, ಸಕ್ಕರೆಯ ಡಬ್ಬಿಯನ್ನು ಕೈಯಲ್ಲಿ ಹಿಡಿದಿರುವಾಗಲೇ, ಬೇರೆಯವರಿಗೆಲ್ಲ ಸಿಹಿಯಾಗಿ ಬೆರೆಸಿಕೊಡುತ್ತಿರುವಾಗಲೇ ಏಳುತ್ತದೆ. ಉತ್ತರವನ್ನು ಆಕೆ ಒಬ್ಬಳೇ ಹೇಳಿಕೊಳ್ಳಬೇಕು. ಮೂರು ವಾರಗಳಲ್ಲಿ ಎಂಬತ್ತು ಸಾರಿ ಜಯಿಸಿ, ಎಂಬತ್ತೊಂದನೆಯ ಸಾರಿ ಸೋತರೆ ಅದು ಮನಸ್ಸಿನ ದೌರ್ಬಲ್ಯವೆ?

ರೋಜಾ ದೇವರಿಗಾಗಿ ಆಚರಿಸುವುದು. ಅದನ್ನು ತೂಕದ ಲೆಕ್ಕಕ್ಕೆ ಇಳಿಸಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಆ ತಿಂಗಳಲ್ಲಿ ಇಳಿಯುವ ಅಲ್ಪಸ್ವಲ್ಪ ತೂಕವು ಹಬ್ಬವಾದ ಕೆಲವು ವಾರಗಳಲ್ಲಿಯೇ ಮರಳುವುದೆಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಇಫ್ತಾರಿನ ಸಮೋಸ ಶರಬತ್ತುಗಳನ್ನು ನೆನೆದರೆ ಇದು ಸೋಜಿಗವೂ ಅಲ್ಲ. ಏಕಾದಶಿಯ ಫಲಾಹಾರವೂ ಈ ವಿಷಯದಲ್ಲಿ ಹಿಂದೆಬಿದ್ದಿಲ್ಲ. ಎರವಲು ತೆಗೆದುಕೊಳ್ಳಬೇಕಾದುದು ಉಪವಾಸವನ್ನಲ್ಲ, ಅದರ ಏರ್ಪಾಡನ್ನು: ಗೊತ್ತಾದ ಹೊತ್ತು, ಸಂಗಡಿಗರು, ಮನೆಯ ಸಮ್ಮತಿ, ತಪ್ಪಿದ ದಿವಸಕ್ಕೆ ಪರಿಹಾರ. ಮೈಸೂರಿನ ಗರಡಿಮನೆಗಳೂ ಹೀಗೆಯೇ ನಡೆದುಬಂದುವು. ಹುಡುಗನು ನಸುಕಿನಲ್ಲಿ ಏಳುವುದು ಉತ್ಸಾಹದಿಂದಲೇ ಅಲ್ಲ. ಉಸ್ತಾದರು ಕಾದಿರುತ್ತಾರೆ, ಜೊತೆಯವನು ಬಾಗಿಲಲ್ಲಿ ನಿಂತು ಕೂಗುತ್ತಾನೆ, ಅದಕ್ಕೆ.

ಇನ್ನು ಕೆಲಸದ ಮಾತು. ಬೆಳಗಿನ ನಮಾಜು ಮುಗಿದು ಬೆಳಕು ಹರಿದ ಮೇಲೆ, ಮನೆಯ ಬಾಗಿಲಿನಿಂದಲೇ ಹೊರಟು, ಬೀದಿಯಲ್ಲಿಯೇ ಅರ್ಧ ಗಂಟೆ ನಡೆಯುವುದು. ಕುಕ್ಕರಹಳ್ಳಿ ಕೆರೆಯ ಏರಿಯು ಬಹಳ ರಮ್ಯವಾದುದು, ನಿಜ. ಆದರೆ ರಾಜೀವನಗರದವರು ಅಲ್ಲಿಗೆ ಊರನ್ನೇ ಅಡ್ಡಹಾಯ್ದು ಹೋಗಬೇಕು. ಹೋಗಿ ಬರುವುದೇ ಒಂದು ಪ್ರಯಾಣವಾದರೆ ನಾಲ್ಕನೆಯ ದಿವಸ ನಿಂತುಹೋಗುತ್ತದೆ. ಬೆಟ್ಟದ ಮೆಟ್ಟಿಲುಗಳನ್ನು ಈ ವರ್ಷ ಮರೆತುಬಿಡಿ. 81 ಕಿಲೋ ಹೊತ್ತ ಮಂಡಿಗಳಿಗೆ ಇಳಿಯುವಾಗಿನ ಪೆಟ್ಟು ಹತ್ತುವಾಗಿನದಕ್ಕಿಂತ ಹೆಚ್ಚು. ನೆರೆಮನೆಯ ಒಬ್ಬರನ್ನೋ ಇಬ್ಬರನ್ನೋ ಜೊತೆಗೆ ಕರೆದುಕೊಳ್ಳಿ. ಬೀದಿನಾಯಿಗಳ ಹೆದರಿಕೆಯೂ ತಗ್ಗುತ್ತದೆ, "ಇಂದು ಬೇಡ" ಎನ್ನುವುದಕ್ಕೆ ಬಾಯಿಯೂ ಬಾರದು. ಅರ್ಧ ಗಂಟೆಯ ನಡಿಗೆಯಿಂದ ಹೆಚ್ಚಾಗಿ ಖರ್ಚಾಗುವುದು ಸುಮಾರು 100 ಕ್ಯಾಲರಿ ಮಾತ್ರ. ಅರ್ಧ ತುಂಡು ಮೈಸೂರುಪಾಕು ಅದನ್ನು ಹಿಂದಕ್ಕೆ ಕೊಟ್ಟುಬಿಡುತ್ತದೆ. ಆದುದರಿಂದ ನಡಿಗೆಯೊಂದರಿಂದಲೇ ಮೈ ಇಳಿಯದು.

ಉಳಿದದ್ದನ್ನು ಅಡುಗೆಮನೆಯಲ್ಲಿ ಸಂಪಾದಿಸಬೇಕು, ಅದೂ ಒಬ್ಬರ ತಟ್ಟೆಯಲ್ಲಲ್ಲ, ಎಲ್ಲರ ಪಾತ್ರೆಯಲ್ಲಿ. ನಾಲ್ಕು ಲೋಟ ಟೀಗೆ ಎರಡೆರಡು ಚಮಚ ಸಕ್ಕರೆಯಾದರೆ ದಿವಸಕ್ಕೆ ಸುಮಾರು 40 ಗ್ರಾಂ, 160 ಕ್ಯಾಲರಿಯಾಯಿತು. ಮನೆಯವರೆಲ್ಲರ ಟೀಯಲ್ಲಿಯೂ ಸಕ್ಕರೆಯನ್ನು ಅರ್ಧಕ್ಕೆ ತಗ್ಗಿಸಿದರೆ 80 ಉಳಿಯಿತು; ಎರಡು ವಾರವಾದ ಮೇಲೆ ನಾಲಗೆ ಹಳೆಯ ಸಿಹಿಯನ್ನು ಕೇಳುವುದೂ ಕಡಮೆಯಾಗುತ್ತದೆ. ಐದು ಮಂದಿಯ ಸಂಸಾರದಲ್ಲಿ ತಿಂಗಳಿಗೆ ಐದು ಲೀಟರ್ ಎಣ್ಣೆ ಖರ್ಚಾಗುತ್ತಿದ್ದರೆ ನಾಲ್ಕನ್ನೇ ತರಿಸಿ; ತಲೆಗೆ ದಿವಸಕ್ಕೆ 6 ಗ್ರಾಂ, ಎಂದರೆ 55 ಕ್ಯಾಲರಿಯಷ್ಟು ತಗ್ಗುತ್ತದೆ. ಅಂಗಡಿಯಿಂದ ಬಾರದ ಎಣ್ಣೆಯನ್ನು ಬಿಡುವುದಕ್ಕೆ ಮನೋಬಲ ಬೇಕಾಗಿಲ್ಲ.

ಮುಖ್ಯವಾದ ಸೋರಿಕೆಯೊಂದು ಯಾವ ವೈದ್ಯರ ಪಟ್ಟಿಯಲ್ಲಿಯೂ ಬರೆದಿರುವುದಿಲ್ಲ. ಗೃಹಿಣಿಯು ಎಲ್ಲರಿಗೂ ಬಡಿಸಿ ಕಡೆಗೆ ಕೂರುತ್ತಾಳೆ. ಅಷ್ಟುಹೊತ್ತಿಗೆ ಹಸಿವು ಮಿತಿಮೀರಿರುತ್ತದೆ. ಮಗು ಬಿಟ್ಟ ಅರ್ಧ ಪರೋಟ, ತಪ್ಪಲೆಯ ತಳದಲ್ಲಿ ಉಳಿದ ಎರಡು ಹಿಡಿ ಬಿರಿಯಾನಿ, ನಿನ್ನೆಯ ಪಲ್ಯ, ಇವೆಲ್ಲ ಎದುರಿಗಿರುತ್ತವೆ. ಚೆಲ್ಲುವುದಕ್ಕೆ ಮನಸ್ಸು ಬಾರದು. ಅನ್ನವನ್ನು ಹಾಳುಮಾಡಬಾರದೆಂಬುದು ನಮ್ಮ ದೇಶದ ಎಲ್ಲ ಮತದವರೂ ಒಪ್ಪುವ ಮಾತು. ಆದರೆ ಮಿಕ್ಕ ಅನ್ನಕ್ಕೆ ತಾಯಿಯ ಹೊಟ್ಟೆಯೇ ಪಾತ್ರೆಯಾಗಬೇಕೆಂದು ಯಾವ ಮತವೂ ವಿಧಿಸಿಲ್ಲ. ಅಕ್ಕಿ ಅಳೆಯುವಾಗಲೇ ಒಂದು ಹಿಡಿ ಕಡಮೆ ಹಾಕಿ. ಎಲ್ಲರ ಜೊತೆಯಲ್ಲಿಯೇ ಕುಳಿತು, ನಿಮ್ಮ ತಟ್ಟೆಗೆ ಮೊದಲೇ ಬಡಿಸಿಕೊಂಡು ಊಟಮಾಡಿ. ಮಿಕ್ಕದ್ದು ಫ್ರಿಜ್ಜಿಗೆ ಹೋಗಲಿ, ನಾಳೆ ಎಲ್ಲರಿಗೂ ಹಂಚಿಹೋಗಲಿ. ಇಷ್ಟರಿಂದ ಕಡಮೆಯೆಂದರೂ 100 ಕ್ಯಾಲರಿ ತಗ್ಗುತ್ತದೆ. ಮೇಲೆ ಹೇಳಿದ 300 ಈಗ ಕೂಡಿಬಂತು. ಯಾರೂ ಹಸಿದು ಮಲಗಬೇಕಾಗಲಿಲ್ಲ.

ನೆಂಟರ ಮನೆಯ ಉಪಚಾರ ಇನ್ನೊಂದು ಕಷ್ಟ. ಬೇಡವೆಂದರೆ ಅವರಿಗೆ ನೋವು, ತೆಗೆದುಕೊಂಡರೆ ನಮಗೆ. "ಡಾಕ್ಟರು ಬೇಡವೆಂದಿದ್ದಾರೆ" ಎಂಬ ಒಂದೇ ಮಾತು ಸಾಕು. ತೂಕ, ಪಥ್ಯ ಎಂದರೆ ವಾದಕ್ಕೆ ಬರುವ ಅತ್ತಿಗೆ ನಾದಿನಿಯರೂ ಡಾಕ್ಟರ ಹೆಸರು ಬಂದೊಡನೆ ಸುಮ್ಮನಾಗುವುದನ್ನು ನಾವು ಕಂಡಿದ್ದೇವೆ.

ಯಜಮಾನರಿಗೂ ಎರಡು ಮಾತು. ಹೆಂಡತಿಯನ್ನು "ಎಷ್ಟು ಇಳಿಯಿತು?" ಎಂದು ಕೇಳಬೇಡಿ. "ಇಂದು ನಡೆದೆಯಾ?" ಎಂದು ಬೇಕಾದರೆ ಕೇಳಿ, ಕೇಳುವುದಕ್ಕಿಂತ ಜೊತೆಯಲ್ಲಿ ಹೊರಡುವುದು ಮೇಲು. ಸಂಜೆ ಮನೆಗೆ ಬರುವಾಗ ಬೇಕರಿಯ ಪೊಟ್ಟಣವನ್ನು ತಂದು "ನೀನು ತಿನ್ನಬೇಡ" ಎಂದು ಹೇಳುವುದು ಕ್ರೌರ್ಯ.

ಗೋಡೆಯ ಕ್ಯಾಲೆಂಡರಿನಲ್ಲಿ ನಡೆದ ದಿವಸಕ್ಕೆ ಒಂದು ಗೀಟು ಹಾಕುತ್ತ ಬನ್ನಿ. ಉತ್ಸಾಹವನ್ನು ಕಟ್ಟಬೇಕಾದುದು ಈ ಗೀಟುಗಳಿಗೆ. ಲಂಡನ್ ನಗರದಲ್ಲಿ 96 ಮಂದಿಯನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಪ್ರತಿದಿನವೂ ಗೊತ್ತಾದ ಸಂದರ್ಭದಲ್ಲಿ ಮಾಡಿದ ಒಂದು ಹೊಸ ಕೆಲಸವು ತಾನಾಗಿಯೇ ನಡೆಯುವ ಅಭ್ಯಾಸವಾಗುವುದಕ್ಕೆ ನಡುಮಟ್ಟಿನಲ್ಲಿ 66 ದಿವಸ ಹಿಡಿಯಿತು. ಕೆಲವರಿಗೆ 18, ಕೆಲವರಿಗೆ 254 ಎಂದು ಲೆಕ್ಕಹಾಕಿದರು. ನಡುವೆ ಒಂದು ದಿವಸ ತಪ್ಪಿದ್ದರಿಂದ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಹಾನಿಯಾಗಲಿಲ್ಲ. ಮೂರನೆಯ ವಾರವೆಂದರೆ 21 ದಿವಸ. ಆಗ ಬೇಸರವಾಗುವುದು ಸಹಜವೇ ಹೊರತು ಸೋಲಿನ ಲಕ್ಷಣವಲ್ಲ.

ಇನ್ನೂ ಒಂದು ಸಮಾಚಾರ ಈ ಸೋದರಿಗೆ ವಿಶೇಷವಾಗಿ ಧೈರ್ಯ ಕೊಡಬೇಕು. ಅವರಂತೆಯೇ ಸಕ್ಕರೆಯು ಗಡಿಯ ಮೇಲೆ ನಿಂತಿದ್ದ 531 ಮಂದಿಯನ್ನು ಚೆನ್ನೈಯ ವೈದ್ಯರು ಮೂರು ವರ್ಷಗಳ ಕಾಲ ಗಮನಿಸಿ 2006ರಲ್ಲಿ ಫಲವನ್ನು ಪ್ರಕಟಿಸಿದರು. ಯಾವ ವಿಶೇಷ ಉಪಚಾರವೂ ಇಲ್ಲದಿದ್ದವರಲ್ಲಿ ನೂರಕ್ಕೆ 55 ಮಂದಿಗೆ ಮಧುಮೇಹ ಬಂತು; ದಿನವೂ ನಡೆದು, ಸಕ್ಕರೆ ಎಣ್ಣೆಗಳನ್ನು ತಗ್ಗಿಸಿಕೊಂಡು ಬಾಳುವಂತೆ ತಿಳಿವಳಿಕೆ ಪಡೆದವರಲ್ಲಿ ಸುಮಾರು 39 ಮಂದಿಗೆ. ಸ್ವಾರಸ್ಯವೇನೆಂದರೆ, ಈ ಎರಡನೆಯವರ ಸರಾಸರಿ ತೂಕವು ಹೆಚ್ಚೇನೂ ಇಳಿದಿರಲಿಲ್ಲ. ತೂಕವು ಮೊಂಡುಬಿದ್ದಿರುವಾಗಲೂ ಒಳಗೆ ರಕ್ಷಣೆಯು ನಡೆಯುತ್ತಿತ್ತು. ತೂಕವೂ ಇಳಿದರೆ ಇನ್ನೂ ಒಳ್ಳೆಯದು. ಇವರಿಗೆ ಆರಂಭದಲ್ಲಿ ನಾಲ್ಕು ಕಿಲೋ, ಎಂದರೆ ನೂರಕ್ಕೆ ಐದು ಪಾಲು, ಆರು ತಿಂಗಳ ಗುರಿಯಾಗಿ ಸಾಕು.

ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಹೊಸ ಔಷಧಗಳ ವಿಷಯವನ್ನೂ ಕಾಗದದಲ್ಲಿ ಕೇಳಿದ್ದಾರೆ. ಅವು ಪರಿಣಾಮಕಾರಿಯಾದುವೆಂಬುದು ನಿಜ; ಕೊಡುವುದು ಬಿಡುವುದು ವೈದ್ಯರ ವಿವೇಚನೆ. ನಿಲ್ಲಿಸಿದವರಿಗೆ ಇಳಿದ ತೂಕದ ಬಹುಭಾಗವು ವರ್ಷದೊಳಗೆ ಮರಳಿದೆಯೆಂಬುದನ್ನು ಮಾತ್ರ ನೆನಪಿನಲ್ಲಿಡಬೇಕು. ಸಕ್ಕರೆಗೆ ಮಾತ್ರೆಯನ್ನೋ ಇನ್ಸುಲಿನ್ನನ್ನೋ ಈಗಾಗಲೇ ತೆಗೆದುಕೊಳ್ಳುತ್ತಿರುವ ವಾಚಕರು ವೈದ್ಯರನ್ನು ಕೇಳದೆ ಊಟವನ್ನು ತಗ್ಗಿಸಬಾರದು, ರಕ್ತದ ಸಕ್ಕರೆಯು ಅಪಾಯದ ಮಟ್ಟಕ್ಕೆ ಇಳಿಯಬಹುದು. ಗರ್ಭಿಣಿಯರಿಗೆ ಈ ಲೇಖನವು ಅನ್ವಯಿಸುವುದಿಲ್ಲ.

ತಿಂಗಳಿಗೊಮ್ಮೆ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ, ದರ್ಜಿಯ ಟೇಪಿನಿಂದ ಹೊಟ್ಟೆಯ ಸುತ್ತಳತೆಯನ್ನು ನೋಡಿಕೊಳ್ಳಿ. ಕೆಳಗಿನ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುಮಧ್ಯದಲ್ಲಿ, ಉಸಿರುಬಿಟ್ಟು ಅಳೆಯತಕ್ಕದ್ದು. ನಮ್ಮ ದೇಶದ ಸ್ತ್ರೀಯರಿಗೆ 80 ಸೆಂಟಿಮೀಟರು, ಪುರುಷರಿಗೆ 90 ಸೆಂಟಿಮೀಟರು ಮೀರದಿರುವುದು ಒಳ್ಳೆಯದೆಂದು ವೈದ್ಯರ ಮತ. ಅಳತೆಯನ್ನು ಕ್ಯಾಲೆಂಡರಿನ ಅದೇ ಹಾಳೆಯಲ್ಲಿ ಬರೆದಿಡಿ. ಮಂಡಿನೋವು ಇರುವವರು ಯಾವ ರೀತಿಯಾಗಿ ನಡೆಯಬೇಕೆಂದು ನಂಜನಗೂಡಿನಿಂದ ಕೇಳಿರುವ ವಾಚಕರಿಗೆ ಮುಂದಿನ ಸಂಚಿಕೆಯಲ್ಲಿ ಉತ್ತರ ಬರೆಯುವೆವು.