ಮೋಟಾರು ಅಪಘಾತ ಪರಿಹಾರದ ಅರ್ಜಿ: ಆರು ತಿಂಗಳ ಕಾಲಮಿತಿ

ಮೋಟಾರು ವಾಹನ ಅಪಘಾತದಲ್ಲಿ ಗಾಯಗೊಂಡವರು ಅಥವಾ ಮೃತರ ವಾರಸುದಾರರು ಪರಿಹಾರ ಕೋರಿ ಅರ್ಜಿ ಸಲ್ಲಿಸುವ ಕಾಲಾವಕಾಶವು ಎರಡು ಬಾರಿ ಬದಲಾಗಿದೆ. 1988ರ ಮೋಟಾರು ವಾಹನಗಳ ಅಧಿನಿಯಮದ 166(3)ನೇ ಉಪಪ್ರಕರಣವು ಮೂಲತಃ ಆರು ತಿಂಗಳ ಅವಧಿಯನ್ನು ಗೊತ್ತುಪಡಿಸಿತ್ತು. ಸಕಾರಣವಿದ್ದಲ್ಲಿ ಹನ್ನೆರಡು ತಿಂಗಳವರೆಗೆ ವಿಳಂಬವನ್ನು ಮನ್ನಿಸಬಹುದಾಗಿತ್ತು. 1994ರ ತಿದ್ದುಪಡಿಯು ಈ ಮಿತಿಯನ್ನೇ ತೆಗೆದುಹಾಕಿತು. 2019ರ ತಿದ್ದುಪಡಿಯ ಮೂಲಕ ಮರಳಿ ಬಂದ ಆರು ತಿಂಗಳ ಮಿತಿಯು 2022ರ ಏಪ್ರಿಲ್ 1ರಿಂದ ಜಾರಿಗೊಂಡಿತು. ಆದರೆ ವಿಳಂಬ ಮನ್ನಿಸುವ ಅಧಿಕಾರದ ಮಾತು ಮಾತ್ರ ಮರಳಿ ಬರಲಿಲ್ಲ.

ಅವಧಿಯ ಗಣನೆಯು ಅಪಘಾತ ಸಂಭವಿಸಿದ ದಿನದಿಂದಲೇ ಹೊರತು ಆಸ್ಪತ್ರೆಯಿಂದ ಬಿಡುಗಡೆಯಾದ ದಿನದಿಂದಲ್ಲ. ತಿಂಗಳುಗಟ್ಟಲೆ ಹಾಸಿಗೆ ಹಿಡಿದ ಗಾಯಾಳುವಿಗೆ, ದುಡಿಯುವ ಕೈಯನ್ನೇ ಕಳೆದುಕೊಂಡ ಕುಟುಂಬಕ್ಕೆ ಈ ನಿಯಮ ಕಠಿಣವೇ ಸರಿ. ಅಂಗವೈಕಲ್ಯದ ಪ್ರಮಾಣಪತ್ರಕ್ಕಾಗಿ ಕಾಯುತ್ತ ಅರ್ಜಿಯನ್ನು ತಡೆಹಿಡಿಯಬೇಕಾಗಿಲ್ಲ. ಅದನ್ನು ವಿಚಾರಣೆಯ ಹಂತದಲ್ಲಿ ಹಾಜರುಪಡಿಸಬಹುದು.

ಪೊಲೀಸರು ಮೂರು ತಿಂಗಳೊಳಗೆ ಸಿದ್ಧಪಡಿಸಿ ನ್ಯಾಯಾಧಿಕರಣಕ್ಕೆ ಕಳುಹಿಸಬೇಕಾದ ಅಪಘಾತ ಮಾಹಿತಿ ವರದಿಯನ್ನೂ ಪರಿಹಾರದ ಅರ್ಜಿಯೆಂದೇ ಪರಿಗಣಿಸತಕ್ಕದ್ದು ಎಂದು 166(4)ನೇ ಉಪಪ್ರಕರಣ ಹೇಳುತ್ತದೆ. ಆದರೂ ಆ ವರದಿಯೊಂದನ್ನೇ ನಂಬಿ ಕುಳಿತಿರುವುದು ಕ್ಷೇಮವಲ್ಲ.

ಈ ಕಾಲಮಿತಿಯ ಸಿಂಧುತ್ವವನ್ನು ಪ್ರಶ್ನಿಸಿದ ಅರ್ಜಿಗಳಲ್ಲಿ ಸರ್ವೋಚ್ಚ ನ್ಯಾಯಾಲಯವು 2025ರ ನವೆಂಬರ್‌ನಲ್ಲಿ, ಅವಧಿ ಮೀರಿದೆಯೆಂಬ ಕಾರಣಕ್ಕೆ ಪರಿಹಾರದ ಅರ್ಜಿಗಳನ್ನು ವಜಾಗೊಳಿಸಬಾರದೆಂದು ಮಧ್ಯಂತರ ಆದೇಶ ನೀಡಿತು. ತಡವಾದವರಿಗೆ ಇದು ಆಸರೆ. ಆದರೆ ಮಧ್ಯಂತರ ಆದೇಶವು ಅಂತಿಮ ತೀರ್ಪಲ್ಲವಾದ್ದರಿಂದ, ಅವಧಿ ಇನ್ನೂ ಉಳಿದಿರುವವರು ಅದನ್ನು ನೆಚ್ಚಿ ತಡಮಾಡಬಾರದು. ಅಪಘಾತ ನಡೆದ ಸ್ಥಳದ ನ್ಯಾಯಾಧಿಕರಣಕ್ಕೇ ಹೋಗಬೇಕೆಂದಿಲ್ಲ. ಅರ್ಜಿದಾರರು ತಾವು ವಾಸಿಸುವ ಅಥವಾ ವ್ಯವಹಾರ ನಡೆಸುವ ಸ್ಥಳದಲ್ಲಿಯೂ, ಪ್ರತಿವಾದಿಯು ವಾಸಿಸುವ ಸ್ಥಳದಲ್ಲಿಯೂ ಅರ್ಜಿ ಸಲ್ಲಿಸಬಹುದು.