ಲಸಿಕೆ ಬಾಟಲಿಗೆ ತಾರೀಖು ಬರೀತಾರೆ, ಇನ್ಸುಲಿನ್ ಬಾಟಲಿಗೆ ಯಾಕಿಲ್ಲ?

ಏಪ್ರಿಲ್ ಬಂತೆಂದರೆ ನಮ್ಮ ಕಲಬುರಗಿ ವಿಭಾಗದಲ್ಲಿ ಸರಕಾರಿ ಕಚೇರಿಗಳ ವೇಳೆ ಬದಲಾಗುತ್ತದೆ. ಬೆಳಿಗ್ಗೆ 8ಕ್ಕೆ ಬಾಗಿಲು ತೆರೆದು ಮಧ್ಯಾಹ್ನ 1:30ಕ್ಕೆ ಮುಗಿಸುತ್ತಾರೆ. ಕಾರಣ ಬಿಸಿಲು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆ ಬ್ಯಾಸಗಿಯಲ್ಲಿ 42 ಡಿಗ್ರಿ ಅಂದರೆ ಯಾರೂ ಬೆರಗಾಗುವುದಿಲ್ಲ. ಇಂಥ ಬಿಸಿಲಲ್ಲಿ ನೌಕರರು ದಿನವಿಡೀ ಕೂತು ಕೆಲಸ ಮಾಡುವುದು ಕಷ್ಟ ಎಂದು ಸರಕಾರ ಒಪ್ಪಿದೆ. ಒಳ್ಳೆಯದೇ.

ಇದೇ ಬಿಸಿಲಲ್ಲಿ ಕುರಕುಂಟಾದಂಥ ಊರಿನ ಎಷ್ಟೋ ಮನೆಗಳ ಮಾಡದಲ್ಲಿ ಒಂದು ಸಣ್ಣ ಬಾಟಲಿ ಇರುತ್ತದೆ. ಅದು ಶುಗರ್ ಇದ್ದವರ ಇನ್ಸುಲಿನ್. ಅದು ಎಷ್ಟು ಕಾವು ತಡೆಯುತ್ತದೆ, ಒಮ್ಮೆ ತೆರೆದರೆ ಎಷ್ಟು ದಿನ ನಡೆಯುತ್ತದೆ ಅನ್ನುವುದನ್ನು ಆ ಮನೆಯವರಿಗೆ ಕೂತು ಹೇಳಿದವರು ಕಡಿಮೆ. ಡಬ್ಬಿಯೊಳಗಿನ ಚೀಟಿಯಲ್ಲಿ ಎಲ್ಲ ಬರೆದಿರುತ್ತದೆ, ಆದರೆ ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ. ಓದುವವರು ಯಾರು?

ನಮ್ಮ ಮಾತು ಇಷ್ಟೇ: ಇನ್ಸುಲಿನ್ ಬಾಟಲಿ ಯಾರ ಕೈಯಿಂದ ಹೋದರೂ, ಅದು ಮೆಡಿಕಲ್ ಅಂಗಡಿಯೇ ಆಗಲಿ, ಸರಕಾರಿ ಆಸ್ಪತ್ರೆಯೇ ಆಗಲಿ, ತೆರೆದ ತಾರೀಖು ಮತ್ತು ಮುಗಿಯುವ ತಾರೀಖು ಬರೆಯಲು ಅದರ ಮೇಲೆ ಒಂದು ಚೀಟಿ ಅಂಟಿರಬೇಕು. ಇದು ಹೊಸ ಬೇಡಿಕೆ ಅನ್ನಿಸಬಹುದು. ಹೊಸದೇನಲ್ಲ. ನಮ್ಮ ಉಪಕೇಂದ್ರದಲ್ಲೇ ಈ ಕೆಲಸ ಈಗಾಗಲೇ ನಡೆಯುತ್ತಿದೆ, ಬೇರೆ ಬಾಟಲಿಗೆ.

ಸಿಸ್ಟರ್ ಕೈಯಲ್ಲಿನ ಪೆನ್ನು

ಕೂಸಿಗೆ ಲಸಿಕೆ ಹಾಕಿಸಲು ಹೋದ ತಾಯಂದಿರು ನೋಡಿರಬಹುದು. ಪೋಲಿಯೊ ಹನಿ, ಪೆಂಟಾವೇಲೆಂಟ್‌ನಂಥ ಲಸಿಕೆಯ ಬಾಟಲಿ ತೆರೆದಾಗ ಸಿಸ್ಟರ್ ಅದರ ಮೇಲೆ ತಾರೀಖು, ವೇಳೆ ಬರೆಯುತ್ತಾರೆ. ಇಂಥ ಕೆಲವು ಲಸಿಕೆಗಳನ್ನು ತಂಪಿನಲ್ಲಿ ಸರಿಯಾಗಿ ಇಟ್ಟಿದ್ದರೆ, ತೆರೆದ ಮೇಲೆ 28 ದಿನದವರೆಗೆ ಬಳಸಬಹುದು ಎಂಬುದು ಸರಕಾರದ ನಿಯಮ. ತಾರೀಖು ಬರೆಯದ ತೆರೆದ ಬಾಟಲಿಯನ್ನು ಬಳಸುವ ಹಾಗಿಲ್ಲ. ಪೋಲಿಯೊ ಬಾಟಲಿಯ ಮೇಲೆ ಇನ್ನೂ ಒಂದು ಗುರುತು ಇರುತ್ತದೆ. ಒಂದು ದುಂಡು, ಅದರೊಳಗೆ ಒಂದು ಚೌಕ. ಕಾವು ತಾಗಿದಷ್ಟೂ ಒಳಗಿನ ಚೌಕ ಕಪ್ಪಾಗುತ್ತಾ ಹೋಗುತ್ತದೆ. ಹೊರಗಿನ ದುಂಡಿನಷ್ಟು ಕಪ್ಪಾದರೆ ಬಾಟಲಿ ಹೊರಗೆ. ಅಕ್ಷರ ಬರದವರಿಗೂ ತಿಳಿಯುವ ಗುರುತು ಅದು.

ಇನ್ಸುಲಿನ್‌ಗೂ ಹೆಚ್ಚುಕಡಿಮೆ ಇದೇ ಲೆಕ್ಕ. ತೆರೆದ ಮೇಲೆ ಬಹುತೇಕ ಇನ್ಸುಲಿನ್‌ಗಳಿಗೆ 28 ದಿನ, ಅಂದರೆ ನಾಲ್ಕು ವಾರ. ಕೆಲವು ಕಂಪನಿಯ ಇನ್ಸುಲಿನ್ ಆರು ವಾರ, ಎಂಟು ವಾರ ನಡೆಯುವುದುಂಟು. ನಿಮ್ಮದು ಯಾವುದು ಎಂದು ಡಾಕ್ಟರರನ್ನೋ ಮೆಡಿಕಲ್ ಅಂಗಡಿಯವರನ್ನೋ ಕೇಳಿ. ಗೊತ್ತಾಗದಿದ್ದರೆ ನಾಲ್ಕು ವಾರ ಅಂತಲೇ ಹಿಡಿಯಿರಿ. ಆದರೆ ನಮ್ಮ ಅಂಗಡಿಗಳಲ್ಲಿ ಸಿಗುವ ಇನ್ಸುಲಿನ್ ಬಾಟಲಿಯ ಮೇಲೆ ಕಪ್ಪಾಗುವ ಚೌಕವೂ ಇಲ್ಲ, ತೆರೆದ ತಾರೀಖು ಬರೆದುಕೊಡುವ ರೂಢಿಯೂ ಇಲ್ಲ. ಅಲ್ಲಿ ಅಚ್ಚಾಗಿರುವುದು ಎಕ್ಸ್‌ಪೈರಿ ತಾರೀಖು ಒಂದೇ. ಅದು ಸೀಲ್ ಒಡೆಯದೆ, 2ರಿಂದ 8 ಡಿಗ್ರಿ ತಂಪಿನಲ್ಲಿ ಇಟ್ಟ ಬಾಟಲಿಗೆ ಮಾತ್ರ ಅನ್ವಯ. "ಇನ್ನೂ ಮುಂದಿನ ವರ್ಷದ ತನಕ ಡೇಟ್ ಐತಲ್ಲ" ಎಂದು ಎರಡು ತಿಂಗಳ ಹಿಂದೆ ತೆರೆದ ಬಾಟಲಿಯಿಂದ ಸೂಜಿ ಹಾಕಿಕೊಳ್ಳುವವರ ತಪ್ಪು ಅದರಲ್ಲಿ ಏನೂ ಇಲ್ಲ. ಅವರಿಗೆ ಕಾಣುವ ತಾರೀಖು ಅದೊಂದೇ.

28 ದಿನ ಯಾಕೆ?

ಇನ್ಸುಲಿನ್ ಒಂದು ಪ್ರೋಟೀನ್. ಹಾಲು, ಮೊಟ್ಟೆಯಲ್ಲಿ ಇರುವಂಥ ಜಾತಿಯ ವಸ್ತು. ಕಾವು ಹೆಚ್ಚಾದರೆ ಅದರ ಕಟ್ಟು ಸಡಿಲಾಗುತ್ತದೆ, ಹೆಪ್ಪುಗಟ್ಟಿದರೆ ಒಮ್ಮೆಗೇ ಕೆಡುತ್ತದೆ. ಜೊತೆಗೆ ದಿನಾ ಸೂಜಿ ಚುಚ್ಚಿದ ಹಾಗೆಲ್ಲ ರಬ್ಬರ್ ಮುಚ್ಚಳ ತೂತಾಗುತ್ತದೆ. ಒಳಗೆ ಕ್ರಿಮಿ ಬೆಳೆಯದಂತೆ ಔಷಧ ಹಾಕಿರುತ್ತಾರೆ, ಅದಕ್ಕೂ ಒಂದು ಮಿತಿ ಇದೆ. ಆದ್ದರಿಂದ ತೆರೆದ ಬಾಟಲಿಯನ್ನು ಫ್ರಿಜ್‌ನಲ್ಲಿ ಇಟ್ಟರೂ ದಿನ ಹೆಚ್ಚಾಗುವುದಿಲ್ಲ. ಹೊರಗಿಟ್ಟರೂ 28, ಒಳಗಿಟ್ಟರೂ 28.

ನೆನಪಿಡಲು ಸುಲಭದ ದಾರಿ ಇದೆ. ಈ ಸಂತೆಯ ದಿನ ತೆರೆದಿರಾ? ಮುಂದಿನ ನಾಲ್ಕನೇ ಸಂತೆಗೆ ಹೊಸ ಬಾಟಲಿ. ಏಪ್ರಿಲ್ 3ಕ್ಕೆ ತೆರೆದರೆ ಮೇ 1ಕ್ಕೆ ಲೆಕ್ಕ ಮುಗಿಯಿತು.

ಕಾಣದ ಅಪಾಯ

ಕೆಟ್ಟ ಹಾಲು ವಾಸನೆ ಬರುತ್ತದೆ, ಗೊತ್ತಾಗುತ್ತದೆ. ಕಾವಿಗೆ ಸತ್ವ ಕಳೆದುಕೊಂಡ ಇನ್ಸುಲಿನ್ ನೋಡಲು ಹೊಸದರ ಹಾಗೇ ಇರಬಹುದು. ಇದೇ ದೊಡ್ಡ ತೊಡಕು.

ಏನಾಗುತ್ತದೆ ನೋಡಿ. ಬಾಟಲಿ ಮೆತ್ತಗೆ ಸತ್ವ ಕಳೆದುಕೊಳ್ಳುತ್ತದೆ. ಶುಗರ್ ಏರುತ್ತದೆ. ಮನೆಯಲ್ಲಿ ಬೈಗುಳ ಶುರು: "ಯವ್ವಾ, ನೀ ಮತ್ತ ಸಿಹಿ ತಿಂದಿರಬೇಕು." ಆಕೆ ತಿಂದಿರುವುದಿಲ್ಲ. ಶುಗರ್ ಇಳಿಯಲಿಲ್ಲ ಎಂದು 16 ಯೂನಿಟ್ ಇದ್ದದ್ದು 20 ಆಗುತ್ತದೆ, 24 ಆಗುತ್ತದೆ. ಆಮೇಲೆ ಹೊಸ ಬಾಟಲಿ ಬರುತ್ತದೆ. ಅದರಲ್ಲಿ ಪೂರ್ತಿ ಸತ್ವ. ಅದೇ 24 ಯೂನಿಟ್ ಹಾಕಿದರೆ ಶುಗರ್ ಧಡಕ್ಕನೆ ಇಳಿಯಬಹುದು. ಬೆವರು, ನಡುಕ, ಕಣ್ಣು ಕತ್ತಲೆ, ಎಚ್ಚರ ತಪ್ಪುವುದು. ಒಬ್ಬಂಟಿ ಇರುವ ವಯಸ್ಸಾದವರಿಗೆ ರಾತ್ರಿ ಹೊತ್ತು ಹೀಗಾದರೆ ಜೀವಕ್ಕೇ ಕುತ್ತು.

ಆದ್ದರಿಂದ ಶುಗರ್ ಕಾರಣವಿಲ್ಲದೆ ಏರಿದರೆ ಮೊದಲು ಬಾಟಲಿಯ ವಯಸ್ಸು ನೋಡಿ. ಡೋಸ್ ನೀವೇ ಏರಿಸಬೇಡಿ, ಡಾಕ್ಟರಿಗೆ ಬಾಟಲಿಯನ್ನೂ ತೋರಿಸಿ. ಬಾಟಲಿ ಮೇಲೆ ಅನುಮಾನ ಬಂತೆಂದು ಇನ್ಸುಲಿನ್ ನಿಲ್ಲಿಸಲೂ ಬೇಡಿ. ಹೊಸದು ಕೈಗೆ ಬರುವ ತನಕ ಇದ್ದದ್ದನ್ನೇ ಹಾಕಿಕೊಂಡು, ಅವತ್ತೇ ಹೊಸದು ತರಿಸಿ. ಚಿಕ್ಕಂದಿನಿಂದಲೇ ಇನ್ಸುಲಿನ್ ಮೇಲೆ ಬದುಕುವ ಮಕ್ಕಳಿಗಂತೂ ಒಂದು ದಿನ ತಪ್ಪಿದರೂ ಅಪಾಯ. ಅಂಥ ಮಗುವಿಗೆ ವಾಂತಿ, ಜೋರು ಏದುಸಿರು ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ಕಣ್ಣಿಗೆ ಕಾಣುವ ಕೆಡಕೂ ಕೆಲವಿವೆ. ನೀರಿನಂತೆ ತಿಳಿಯಾಗಿ ಇರಬೇಕಾದ ಇನ್ಸುಲಿನ್ ಮಬ್ಬಾದರೆ ಬೇಡ. ಹಾಲಿನಂತೆ ಇರುವ ಇನ್ಸುಲಿನ್ ಅಂಗೈಯಲ್ಲಿ ಉರುಳಿಸಿದ ಮೇಲೂ ಗಂಟು ಗಂಟಾಗಿದ್ದರೆ, ಗಾಜಿಗೆ ಬಿಳಿ ಪುಡಿ ಅಂಟಿದ್ದರೆ ಬೇಡ. ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದರೂ ಬೇಡ.

ಫ್ರಿಜ್ ಇಲ್ಲದ ಮನೆ

"ಮನ್ಯಾಗ ಫ್ರಿಜ್ ಇಲ್ರೀ, ನಮಗ ಗುಳಿಗಿನೇ ಸಾಕು" ಎನ್ನುವ ಮಾತು ನಮ್ಮ ಹಳ್ಳಿಗಳಲ್ಲಿ ಹೊಸದಲ್ಲ. ಡಾಕ್ಟರರು ಇನ್ಸುಲಿನ್ ಬೇಕು ಎಂದಾಗ ಫ್ರಿಜ್ ಇಲ್ಲ ಎಂಬ ಒಂದೇ ಕಾರಣಕ್ಕೆ ಬೇಡ ಅನ್ನಬೇಡಿ. ತೆರೆಯದ ಬಾಟಲಿಗಳಿಗೆ ಫ್ರಿಜ್ ಬೇಕು, ನಿಜ. ಬಳಕೆಯಲ್ಲಿರುವ ಬಾಟಲಿಗೆ ಫ್ರಿಜ್ ಬೇಕೇ ಬೇಕು ಅಂತಿಲ್ಲ. 25ರಿಂದ 30 ಡಿಗ್ರಿಯೊಳಗಿನ ನೆರಳು, ತಂಪು ಸಾಕು.

ಇದಕ್ಕೆ ಆಧಾರವೂ ಇದೆ. ಕೆನ್ಯಾ ದೇಶದ ದಾಗಾಹಲೆ ನಿರಾಶ್ರಿತರ ಶಿಬಿರದ ಬಿಸಿಲನ್ನು ಅಳೆದು, ಅದೇ ಏರಿಳಿತದಲ್ಲಿ, ಅಂದರೆ 25ರಿಂದ 37 ಡಿಗ್ರಿಯ ನಡುವೆ, ನಾಲ್ಕು ವಾರ ಇನ್ಸುಲಿನ್ ಇಟ್ಟು ಪರೀಕ್ಷಿಸಿದರು. ಜಿನೀವಾ ವಿಶ್ವವಿದ್ಯಾಲಯ ಮತ್ತು ಗಡಿಯಿಲ್ಲದ ವೈದ್ಯರ ಸಂಸ್ಥೆ ಮಾಡಿದ ಆ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಫ್ರಿಜ್‌ನಲ್ಲಿಟ್ಟ ಇನ್ಸುಲಿನ್‌ಗೂ ಇದಕ್ಕೂ ಸತ್ವದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಆದ್ದರಿಂದ ಒಂದು ರಾತ್ರಿ ಕರೆಂಟ್ ಹೋಯಿತೆಂದು ಬಾಟಲಿ ಚೆಲ್ಲಬೇಡಿ.

ಹಾಗಂತ ನಮ್ಮ ಮೇ ತಿಂಗಳನ್ನು ಹಗುರವಾಗಿ ನೋಡುವಂತಿಲ್ಲ. ಅಲ್ಲಿ ಪರೀಕ್ಷಿಸಿದ್ದು 37 ಡಿಗ್ರಿ ತನಕ. ನಮ್ಮ ತಗಡಿನ ಮನೆ, ಹಗಲೆಲ್ಲ ಕಾದ ಪರ್ಸಿ ಮಾಳಿಗೆ ಅದನ್ನು ದಾಟುತ್ತವೆ. ಬಿಸಿಲಲ್ಲಿ ನಿಂತ ಬೈಕಿನ ಡಿಕ್ಕಿಯ ಮಾತೇ ಬೇಡ. ಇಲ್ಲಿ ನಮ್ಮ ಅಜ್ಜಿಯರ ಉಪಾಯವೇ ಕೆಲಸಕ್ಕೆ ಬರುತ್ತದೆ: ಮಣ್ಣಿನ ಗಡಿಗೆ.

ಒಂದು ದೊಡ್ಡ ಗಡಿಗೆ, ಅದರೊಳಗೆ ಒಂದು ಸಣ್ಣದು. ನಡುವೆ ಉಸುಕು ತುಂಬಿ ನೀರು ಹಾಕಿ. ಇನ್ಸುಲಿನ್ ಬಾಟಲಿಯನ್ನು ಬಿಗಿ ಮುಚ್ಚಳದ ಒಣ ಡಬ್ಬಿಯಲ್ಲಿಟ್ಟು ಸಣ್ಣ ಗಡಿಗೆಯೊಳಗೆ ಇಡಿ. ಮೇಲೆ ಹಸಿ ಬಟ್ಟೆ ಮುಚ್ಚಿ. ಬೆಳಿಗ್ಗೆ, ಸಂಜೆ ಉಸುಕಿಗೆ ನೀರು ಚಿಮುಕಿಸಿ. ನೆರಳು ಇರಬೇಕು, ಗಾಳಿ ಆಡಬೇಕು, ಒಲೆಯಿಂದ ದೂರ ಇರಬೇಕು. ನೀರು ಆರುವಾಗ ಒಳಗಿನ ಕಾವನ್ನು ಎಳೆದುಕೊಂಡು ಹೋಗುತ್ತದೆ. ನಮ್ಮ ಬ್ಯಾಸಗಿ ಒಣ ಹವೆಯದ್ದು, ಅದಕ್ಕೇ ಈ ಉಪಾಯ ಇಲ್ಲಿ ಚೆನ್ನಾಗಿ ನಡೆಯುತ್ತದೆ. ಮಳೆಗಾಲದಲ್ಲಿ ಅಷ್ಟು ತಂಪು ಸಿಗುವುದಿಲ್ಲ, ಆದರೆ ಆಗ ಅಷ್ಟು ಬೇಕಾಗುವುದೂ ಇಲ್ಲ.

ಪಕ್ಕದ ಮನೆಯವರ ಅಥವಾ ಕಿರಾಣಿ ಅಂಗಡಿಯ ಫ್ರಿಜ್‌ನಲ್ಲಿ ಇಡುವ ರೂಢಿಯೂ ಇದೆ. ನಮ್ಮ ಸಲಹೆ: ತೆರೆಯದ ಬಾಟಲಿ ಅಲ್ಲಿರಲಿ, ಬಳಸುವ ಬಾಟಲಿ ಮನೆಯ ಗಡಿಗೆಯಲ್ಲೇ ಇರಲಿ. ಇಲ್ಲದಿದ್ದರೆ ಅವರು ಮದುವೆಗೆ ಊರಿಗೆ ಹೋದ ದಿನ ನಿಮ್ಮ ಸೂಜಿ ತಪ್ಪುತ್ತದೆ. ಅಂಗಡಿಯವರಿಗೆ ಒಂದು ಮಾತು ಖಂಡಿತ ಹೇಳಿ: "ಕಾಕಾ, ಐಸ್‌ಕ್ರೀಮ್ ಡಬ್ಬಿಯಾಗ ಇಡಬ್ಯಾಡ್ರಿ." ಫ್ರಿಜ್‌ನಲ್ಲೂ ಮೇಲಿನ ಬರ್ಫದ ಖಾನೆ, ಅದರ ಕೆಳಗಿನ ಟ್ರೇ ಬೇಡ. ಬಾಗಿಲಿನಲ್ಲೋ ನಡುವಿನ ಖಾನೆಯಲ್ಲೋ ಇಟ್ಟರೆ ಸಾಕು. ಸೇಡಂನಿಂದ ಬಸ್ಸಿನಲ್ಲಿ ತರುವಾಗ ಹಸಿ ಟವೆಲ್ ಸುತ್ತಿದ ಊಟದ ಡಬ್ಬಿಯಲ್ಲಿ ತನ್ನಿ. ಬರ್ಫ ನೇರವಾಗಿ ಬಾಟಲಿಗೆ ತಾಗಬಾರದು.

ಚೆಲ್ಲುವ ಔಷಧದ ಲೆಕ್ಕ

ಇಷ್ಟೆಲ್ಲ ಓದಿ ಒಬ್ಬರು ಕೇಳಬಹುದು: "ಅರ್ಧ ಬಾಟಲಿ ಚೆಲ್ಲು ಅಂತೀರೇನ್ರೀ? ರೊಕ್ಕ ಕೊಟ್ಟು ತಂದಿದ್ದು." ನ್ಯಾಯವಾದ ಪ್ರಶ್ನೆ. ಸಾಮಾನ್ಯ 10 ಎಂಎಲ್ ಬಾಟಲಿಯಲ್ಲಿ ಒಂದು ಎಂಎಲ್‌ಗೆ 40ರಂತೆ 400 ಯೂನಿಟ್ ಇರುತ್ತದೆ. ದಿನಕ್ಕೆ 15 ಯೂನಿಟ್ ಅಥವಾ ಹೆಚ್ಚು ಹಾಕುವವರಿಗೆ 28 ದಿನದೊಳಗೆ ಅದು ತಾನೇ ಮುಗಿಯುತ್ತದೆ. ದಿನಕ್ಕೆ 10 ಯೂನಿಟ್ ಹಾಕುವವರಿಗೆ 280 ಖರ್ಚಾಗಿ 120 ಉಳಿಯುತ್ತದೆ. ಕೂಲಿ ಮಾಡಿ ತಂದ ದುಡ್ಡಿನ ಔಷಧ ಚೆಲ್ಲುವುದು ಸಂಕಟವೇ.

ಆ ಸಂಕಟವನ್ನು ರೋಗಿಯ ತಲೆಗೇ ಕಟ್ಟಬಾರದು ಎನ್ನುವುದು ನಮ್ಮ ಅಭಿಪ್ರಾಯ. ಸರಕಾರಿ ಆಸ್ಪತ್ರೆಯಲ್ಲಿ ಇನ್ಸುಲಿನ್ ಕೊಡುವಾಗ ಯೂನಿಟ್ ಲೆಕ್ಕ ಹಿಡಿದು "ಇನ್ನೂ ಉಳದಿರಬೇಕಲ್ಲ" ಅನ್ನಬಾರದು. ನಾಲ್ಕು ವಾರಕ್ಕೊಂದು ಬಾಟಲಿ ಎಂದೇ ಲೆಕ್ಕ ಇಡಬೇಕು. ಕಡಿಮೆ ಡೋಸಿನವರಿಗೆ ಸಣ್ಣ ಅಳತೆಯದ್ದು ಇದ್ದರೆ ಅದನ್ನು ಬರೆದುಕೊಡಬೇಕು. 1921ರಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ಕಂಡುಹಿಡಿದವರು ಅದರ ಪೇಟೆಂಟ್ ಹಕ್ಕನ್ನು ವಿಶ್ವವಿದ್ಯಾಲಯಕ್ಕೆ ಬರೀ ಒಂದೊಂದು ಡಾಲರಿಗೆ ಬಿಟ್ಟುಕೊಟ್ಟರು. ಅದು ಎಲ್ಲರ ಕೈಗೂ ಸಿಗಲಿ ಎಂಬುದೇ ಅವರ ಆಸೆ. ನೂರು ವರ್ಷ ದಾಟಿದ ಮೇಲೂ ಸಿಕ್ಕ ಔಷಧ ಮಾಡದಲ್ಲಿ ಕಾದು ಕೆಡುತ್ತಿದ್ದರೆ ಆ ಆಸೆ ಪೂರ್ತಿಯಾದ ಹಾಗಲ್ಲ.

ಯಾರು ಏನು ಮಾಡಬೇಕು

2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಶುಗರ್ ಇದೆ. ಇದು ಪಟ್ಟಣದ ಕಾಯಿಲೆ, ಶ್ರೀಮಂತರ ಕಾಯಿಲೆ ಎನ್ನುವ ಕಾಲ ಹೋಯಿತು. ಹಾಗಿದ್ದ ಮೇಲೆ ಹಳ್ಳಿಯ ಆರೋಗ್ಯ ವ್ಯವಸ್ಥೆ ಗುಳಿಗೆ ಕೊಟ್ಟು ಕೈತೊಳೆದುಕೊಂಡರೆ ಸಾಲದು. ನಾವು ಕೇಳುವುದು ನಾಲ್ಕು:

ಒಂದು, ಇನ್ಸುಲಿನ್ ಕೊಡುವ ಪ್ರತಿ ಕಡೆ ಬಾಟಲಿಗೆ ಕನ್ನಡದ ಚೀಟಿ ಅಂಟಿಸಲಿ. "ತೆರೆದ ದಿನ", "ಮುಗಿಯುವ ದಿನ", ಎರಡೇ ಸಾಲು.

ಎರಡು, ಆಶಾ ಅಕ್ಕಂದಿರು, ಉಪಕೇಂದ್ರದ ಸಿಬ್ಬಂದಿ ಮನೆಗೆ ಬಂದಾಗ ಶುಗರ್ ಎಷ್ಟು ಎಂದು ಕೇಳುವ ಜೊತೆಗೆ "ಬಾಟಲಿ ತೋರ್ಸ್ರಿ, ಎಲ್ಲಿ ಇಟ್ಟೀರಿ?" ಎಂದೂ ಕೇಳಲಿ. ಅದನ್ನು ಅವರ ತರಬೇತಿಯಲ್ಲೇ ಸೇರಿಸಲಿ. ಹೆಚ್ಚಿನ ಕೆಲಸಕ್ಕೆ ಹೆಚ್ಚಿನ ಗೌರವಧನವೂ ಸಿಗಲಿ.

ಮೂರು, ಬ್ಯಾಸಗಿ ಶುರುವಾಗುವ ಮೊದಲು, ಫೆಬ್ರುವರಿಯಲ್ಲೇ, ಫ್ರಿಜ್ ಇಲ್ಲದ ಇನ್ಸುಲಿನ್ ರೋಗಿಗಳಿಗೆ ಗಡಿಗೆ ಜೋಡಿ ಸಿಗಲಿ. ಗ್ರಾಮ ಪಂಚಾಯ್ತಿ ಮನಸ್ಸು ಮಾಡಿದರೆ ಊರ ಕುಂಬಾರರಿಗೂ ನಾಲ್ಕು ಕಾಸು ಆಗುತ್ತದೆ.

ನಾಲ್ಕು, ಪೋಲಿಯೊ ಬಾಟಲಿಯ ಮೇಲಿರುವ ಕಾವಿನ ಗುರುತನ್ನು ಇನ್ಸುಲಿನ್ ಬಾಟಲಿಗೂ ಹಾಕುವಂತೆ ಸರಕಾರ ಕಂಪನಿಗಳಿಗೆ ಹೇಳಲಿ. ಹನಿ ಹಾಕಿಸಿಕೊಳ್ಳುವ ಕೂಸಿಗೆ ಸಿಕ್ಕ ಕಾಳಜಿ ಅದರ ಅಜ್ಜಿಗೂ ಸಿಗಲಿ.

ಕೊನೆಯದು ದೊಡ್ಡ ಕೆಲಸ, ವರ್ಷಗಟ್ಟಲೆ ಹಿಡಿಯಬಹುದು. ಚೀಟಿಗೆ ಅಷ್ಟು ಕಾಯಬೇಕಾಗಿಲ್ಲ. ಮನೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರು ಇದ್ದರೆ ಇವತ್ತೇ ಮಕ್ಕಳ ಕಂಪಾಸಿನಿಂದ ಪೆನ್ನು ತೆಗೆದುಕೊಂಡು, ಬಾಟಲಿಗೆ ಒಂದು ತುಂಡು ಪಟ್ಟಿ ಅಂಟಿಸಿ ತಾರೀಖು ಬರೆಯಿರಿ. ಯಾವಾಗ ತೆರೆದದ್ದು ಎಂದು ಯಾರಿಗೂ ನೆನಪಿಲ್ಲದಿದ್ದರೆ, ಅದರ ಬದಲು ಹೊಸದು ತರುವ ವೇಳೆ ಬಂದಿದೆ ಎಂದೇ ಅರ್ಥ.